ಮೊಣಕೈ ಮೊದಲು

ಹನ್ನೊಂದು ವರ್ಷ ಹೀಗೇ ಹೇಳಿಕೊಟ್ಟೆ:
ಕೈ ಮೇಲೇರಿ ಹಿಂದಕ್ಕೆ ಹೋದಾಗ
ಅಂಗೈಯ ಮುಖ ಸೆಕೆಂಡ್ ಬೇಸಿಗೆ,
ಕೆಳಗಿಳಿದಾಗ ಮಣಿಕಟ್ಟು ಛಟ್ಟನೆ ಮೇಲಕ್ಕೆ,
ಕೊನೆಗೆ ಮೊಣಕೈ ಗಲ್ಲದ ಹತ್ತಿರ ನಿಲ್ಲಬೇಕು,
ಬ್ಯಾಟು ಹಿಡಿದವಳಿಗೆ ನಮಸ್ಕಾರ ಹೇಳಿದ ಹಾಗೆ.
ನನಗೆ ಕಲಿಸಿದವರು ವೆಂಕಟರೋಣಪ್ಪ ಸರ್.
ಅವರಿಗೆ, ಆರು ವಾರದ ಕೋರ್ಸಿನಲ್ಲಿ, ಯಾರೋ.
ಮಡಿಚಿಟ್ಟ ಸೀರೆಯಂತೆ ಪಾಠ,
ಒಮ್ಮೆ ಬಿದ್ದ ಗೆರೆಯಲ್ಲೇ ಮತ್ತೆ ಮಡಚಿಕೊಳ್ಳುತ್ತದೆ.

ನನ್ನ ಬಲಭುಜಕ್ಕೆ ಮಾತ್ರ ಗೊತ್ತಿತ್ತು.
ಈಗಲೂ ಕರಿಹಲಗೆಯ ಮೇಲಿನ ಸಾಲಿಗೆ ಕೈ ಹೋಗದು.
ಜಡೆ ಹೆಣೆಯುವಾಗ ಅರ್ಧಕ್ಕೆ ಇಳಿಸಿ
ಸ್ವಲ್ಪ ಕಾದು
ಮತ್ತೆ ಎತ್ತುತ್ತೇನೆ.

ಮುಬೀನಾ ಬಂದದ್ದು ಜೂನ್ ಕೊನೆಗೆ,
ಒಂಬತ್ತನೇ ಕ್ಲಾಸು, ಬಿ ಸೆಕ್ಷನ್,
ಉಗುರಿನ ಸಂದಿಯಲ್ಲಿ ಮಾವಿನ ಸೊನೆಯ ಕಪ್ಪು.
ಆ ತಿಂಗಳು ಶ್ರೀನಿವಾಸಪುರದಲ್ಲಿ
ಅರ್ಧ ಊರಿನ ಕೈ ಹಾಗೇ ಇರುತ್ತದೆ.
ಹಳದಿ ಚೆಂಡನ್ನು ಅಂಗೈಯಲ್ಲಿ ತೂಗಿ
"ಮಲ್ಲಿಕಾ ಇದಕ್ಕಿಂತ ಭಾರ ಮಿಸ್" ಅಂದಳು.
ಮೂಸಿಯೂ ನೋಡಿದಳು, ಅಭ್ಯಾಸಬಲ.

ನಲವತ್ತು ಅಡಿ ಆಚೆ ಮುನಿರತ್ನ ಕುಕ್ಕರುಗಾಲಲ್ಲಿ,
ಅಣ್ಣನ ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು,
ಹೆಬ್ಬೆರಳ ಹತ್ತಿರ ಹೊಲಿಗೆ ಬಿಟ್ಟ ಗ್ಲೌಸು.
ಸೀಟಿ ಬಾಯಲ್ಲಿಟ್ಟುಕೊಂಡು ನಾನು
ತಪ್ಪು ಹುಡುಕಲು ಸಿದ್ಧಳಾಗಿದ್ದೆ.

ಕೈ ಎದ್ದಿತು. ಕಿವಿಯ ಪಕ್ಕದಿಂದ ಹಿಂದಕ್ಕೆ ಸಾಗಿತು.
ಅಂಗೈ ಸೆಕೆಂಡ್ ಬೇಸಿನ ಕಡೆ ನೋಡಲಿಲ್ಲ, ಆಕಾಶ ನೋಡಿತು,
ಹನಿ ಬಿತ್ತಾ ಎಂದು ಹೊರಗೆ ಚಾಚಿದ ಹಾಗೆ.
ಇಳಿಯುವಾಗ ಮೊಣಕೈ ಮೊದಲು.
ಕೈ ಆಮೇಲೆ, ಗೂಟ ಕಿತ್ತ ಎಮ್ಮೆಯ ಹಿಂದೆ
ಹಗ್ಗ ಎಳೆದುಕೊಂಡು ಬಂದ ಹಾಗೆ.
ತೋಳು ಪಕ್ಕೆಲುಬಿಗೆ ತಾಗಿ ಅಲ್ಲೇ ನಿಂತಿತು.
ಅದು ನಿಂತದ್ದಕ್ಕೇ ಮಿಕ್ಕದ್ದೆಲ್ಲ ಓಡಿತು:
ಮುಂಗೈ ಸೊಂಟ ಸವರಿ
ಬೀಗದೊಳಗೆ ಕೀ ತಿರುಗಿದಂತೆ ಒಳಕ್ಕೆ ತಿರುಗಿ,
ಚೆಂಡು ಯಾವಾಗ ಕೈಬಿಟ್ಟಿತೋ, ನಾನು ನೋಡಲಿಲ್ಲ.
ಮುನಿರತ್ನ ಹಿಂದಕ್ಕೆ ಕೂತುಬಿಟ್ಟು
"ಅಯ್ಯಮ್ಮೋ" ಎಂದು ಗ್ಲೌಸಿನೊಳಗೆ ಬೆರಳು ಎಣಿಸಿಕೊಂಡಳು.

ಎಸೆದ ಕೈ ಎದೆಗಡ್ಡ ಬಂದು ಸುಮ್ಮನೆ ತೂಗಾಡುತ್ತಿತ್ತು.
ಯಾರಿಗೂ ನಮಸ್ಕಾರ ಹೇಳಲಿಲ್ಲ.

"ಮೊಣಕೈ ಎತ್ತು" ಅಂದೆ. ಬಾಯಿಗೆ ಬಂದದ್ದು ಅದೇ.
ಎತ್ತಿದಳು, ಒಳ್ಳೆಯ ಹುಡುಗಿ.
ಮುಂದಿನ ಚೆಂಡು ಕಾಂಪೌಂಡು ಹಾರಿ
ಬಿಸಿಯೂಟದ ಅಕ್ಕಿ ತಂದ ಟೆಂಪೋದ ಕೆಳಗೆ.
ಅದರ ಮುಂದಿನದು ಅವಳ ಕಾಲ ಬುಡದಲ್ಲೇ.
ಭುಜ ಮುಟ್ಟಿ ನೋಡಿಕೊಂಡಳು ಆಗ,
ಅಲ್ಲೇ, ನಾನು ಮುಟ್ಟಿಕೊಳ್ಳುವ ಜಾಗದಲ್ಲೇ.

ಸಂಜೆ ಮಂಡಿಗೆ ಹೋದೆ, ಹಣ್ಣಿಗೆಂದು.
ತೋತಾಪುರಿ ರಾಶಿಯ ಪಕ್ಕ ಅವಳು, ಅವಳ ಅಕ್ಕ ರಿಹಾನಾ,
ಮೂರು ಮಾರು ಆಚೆ ಹುಲ್ಲು ಹಾಸಿದ ಕ್ರೇಟಿನ ಮುಂದೆ ಖಾಲಾ.
ಸೊಂಟದ ಕೆಳಗಿನಿಂದ ಒಂದೊಂದೇ ಕಾಯಿ
ಗಾಳಿಯಲ್ಲಿ ತೇಲಿ ಖಾಲಾಳ ಕೈಗೆ.
"ನೋಡ್ಕೊಂಡು ಹಾಕ್ರೇ, ಪೆಟ್ಟಾದ್ರೆ ಕೂಲೀಲಿ ಹಿಡೀತಾನೆ."
ಮಾವು ಕಲಿಸಿತು ಎಂದುಬಿಡಬಹುದಿತ್ತು,
ಸ್ಟಾಫ್ ರೂಮಿನಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.
ಆದರೆ ಅದೇ ರಾಶಿಯಿಂದ, ಅಷ್ಟೇ ವರ್ಷದಿಂದ
ರಿಹಾನಾ ಮೊಣಕೈ ಬಿಗಿಹಿಡಿದು ತಳ್ಳುತ್ತಿದ್ದಳು,
ನನ್ನ ಹಾಗೆ.

ಬೆಳಿಗ್ಗೆ ಕೇಳಿದಳು: "ಮಿಸ್, ಮೊಣಕೈ?"
"ಬಿಡು" ಅಂದೆ.
"ಎಲ್ಲಿ ಬಿಡಲಿ?"
ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.
ಸೀಟಿ ಜೇಬಿಗೆ ಹಾಕಿ, ಮುನಿರತ್ನಳ ಹಿಂದೆ ಹೋಗಿ ಕೂತೆ,
ಚೆಂಡು ಬರುವ ಕಡೆಯಿಂದ ನೋಡಲು.

ವೆಂಕಟರೋಣಪ್ಪ ಸರ್ ಈಗ ಮುಳಬಾಗಿಲಲ್ಲಿದ್ದಾರೆ.
ಭಾನುವಾರ ಫೋನ್ ಮಾಡಬೇಕು.
ಚೆಂಡಿನ ಮಾತು ಎತ್ತುವುದಿಲ್ಲ.
ಭುಜ ಹೇಗಿದೆ ಸರ್, ಎಂದು ಕೇಳುತ್ತೇನೆ.